ನೀರಿನ ಪೆಟ್ಟಿಗೆಗೆ ಹಾಕಿದ ಬೀಜ

ಮಿರ್ತೆ ಸೈಕಲ್ಲನ್ನು ಬೇಲಿಗೆ ಒರಗಿಸಿದ ರೀತಿ ನೋಡಿಯೇ ಗೇಸ್ಕೆಗೆ ಗೊತ್ತಾಯಿತು, ಸಂಖ್ಯೆಗಳು ಈ ಸಲವೂ ತಾಳೆಯಾಗಿಲ್ಲ ಎಂದು.

"ನಿಮ್ಮ ಹುಟ್ಟಿದ ದಿನ, ಅದರ ಮೇಲೆ ಒಂದು. ನೀವು ಹೇಳಿದ ಹಾಗೇ ಹಾಕ್ದೆ ಗೇಸ್ಕೆ. ಮೊದಲನೇ ಸಾಲೇ ಬೇರೆ ಬರ್ತಿದೆ." ಹುಡುಗಿ ಲ್ಯಾಪ್‌ಟಾಪನ್ನು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಐವತ್ತು ವರ್ಷ ಹಳೆಯ, ಅಂಚಿನುದ್ದಕ್ಕೂ ತೂತುಗಳಿದ್ದ ಮುದ್ರಿತ ಹಾಳೆಯನ್ನು ಬಿಡಿಸಿಟ್ಟಳು.

ಗೇಸ್ಕೆ ಕಾಫಿ ಬಗ್ಗಿಸಿ, ಬಿಸ್ಕತ್ತಿನ ಡಬ್ಬ ತೆರೆದು ಒಂದೊಂದು ಕೊಟ್ಟು, ಮುಚ್ಚಳ ಹಾಕಿದಳು. ಕೈಗೆ ಏನಾದರೂ ಕೆಲಸ ಬೇಕಾಗಿತ್ತು.

ಐವತ್ತು ವರ್ಷದ ಹಿಂದೆ ಗ್ರೋನಿಂಗೆನ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಗೇಸ್ಕೆ ಮತ್ತು ಜೊತೆಯವರು ಅದನ್ನು ನೀರಿನ ಪೆಟ್ಟಿಗೆ ಎನ್ನುತ್ತಿದ್ದರು. ಇನ್ನೂರ ಹದಿನಾರು ನೀರಿನ ಅಣುಗಳು ಒಂದು ಕಾಲ್ಪನಿಕ ಪೆಟ್ಟಿಗೆಯಲ್ಲಿ ಹೇಗೆ ತಳ್ಳಾಡುತ್ತವೆ ಎಂದು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುವ ಪ್ರೋಗ್ರಾಂ. ಅಣುಗಳಿಗೆ ಮೊದಲ ನೂಕು ಕೊಡಲು ಯಂತ್ರಕ್ಕೆ ಒಂದು ಸಂಖ್ಯೆ ಬೇಕು. ಆ ಸಂಖ್ಯೆಯನ್ನೇ ಬೀಜ ಎನ್ನುತ್ತಾರೆ. ಅದೇ ಬೀಜ ಹಾಕಿದರೆ ನೀರು ಎಷ್ಟು ಸಲವಾದರೂ ಅದೇ ಕುಣಿತ ಕುಣಿಯುತ್ತದೆ. ಬೇರೆ ಬೀಜಕ್ಕೆ ಬೇರೆ ಕುಣಿತ.

ಆ ಪ್ರೋಗ್ರಾಮಿನ ಮುಕ್ಕಾಲು ಭಾಗ ಗೇಸ್ಕೆಯ ಕೈಯಲ್ಲಿ ಹುಟ್ಟಿದ್ದು. ಈಗ ಅಲ್ಲಿನ ವಿದ್ಯಾರ್ಥಿನಿ ಮಿರ್ತೆ ಅದನ್ನು ಹೊಸ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದಾಳೆ. ಹಳೆಯ ಹಾಳೆಯ ಮೊದಲ ಪುಟ ಹೊಸದರಲ್ಲೂ ಅಂಕಿ ಅಂಕಿಗೂ ಹಾಗೆಯೇ ಬಂದರೆ ಮಾತ್ರ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಜಾಗ. ಶುಕ್ರವಾರ ಕೊನೆಯ ದಿನ. ಬರದಿದ್ದರೆ ಹಳೆಯದನ್ನೂ ಅಳಿಸಿಬಿಡುತ್ತಾರೆ. ಒಂದು ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲು ಬಿಟ್ಟರೆ, ಗೇಸ್ಕೆಯ ಹನ್ನೊಂದು ವರ್ಷದ ದುಡಿಮೆಗೆ ಬೇರೆ ಯಾವ ಗುರುತೂ ಉಳಿದಿರಲಿಲ್ಲ.

"ಈ ಹಾಳೆ ಬಂದ ಲೆಕ್ಕ ಓಡಿಸಿದ ದಿನ ನನ್ನ ಹುಟ್ಟುಹಬ್ಬ," ಎಂದಳು ಗೇಸ್ಕೆ. " ಇಡೀ ತಟ್ಟೆ ಸೇಬಿನ ಕಡುಬು ನಾನೇ ಹೊತ್ಕೊಂಡು ಹೋಗಿದ್ದೆ. ಕೇಕೋ ಕಡುಬೋ ತಂದವರ ಹುಟ್ಟಿದ ದಿನವೇ ಬೀಜ, ಅದು ನಮ್ಮ ಕೋಣೆಯ ಕಾನೂನು."

"ಹದಿನೆಂಟು, ಮೂರು, ನಲವತ್ತಾರು," ಮಿರ್ತೆ ದಿನ, ತಿಂಗಳು, ವರ್ಷ ಓದಿದಳು.

"ಸರಿಸಂಖ್ಯೆ ಕೊಟ್ರೆ ಆ ಯಂತ್ರಕ್ಕೆ ಅಜೀರ್ಣ. ಅದಕ್ಕೇ ಒಂದು ಕೂಡಿಸಿ ನಲವತ್ತೇಳು. ಸರಿ ವರ್ಷದಲ್ಲಿ ಹುಟ್ಟಿದವರೆಲ್ಲ ಅಲ್ಲಿ ಒಂದು ವರ್ಷ ಚಿಕ್ಕವರಾಗ್ತಿದ್ರು. ಪ್ರೊಫೆಸರಿಗಂತೂ ಅದೇ ದೊಡ್ಡ ಉಡುಗೊರೆ!"

ಮಿರ್ತೆ ನಗಲಿಲ್ಲ. "ಹಾಗಾದ್ರೆ ತಪ್ಪು ನನ್ನ ಬರವಣಿಗೇಲೇ ಇರಬೇಕು. ಆರು ಸಾವಿರ ಸಾಲು. ಹಳೇ ಯಂತ್ರ ಲೆಕ್ಕ ಹಾಕಿದ ರೀತಿಯನ್ನೇ ಅನುಕರಿಸಬೇಕಾದ್ರಿಂದ ಒಂದು ಸಲ ಓಡಿಸೋಕೆ ಮುಕ್ಕಾಲು ಗಂಟೆ. ಎಲ್ಲಿ ಅಂತ ಹುಡುಕ್ಲಿ?" ಆಮೇಲೆ ತಲೆಯೆತ್ತಿ, "ಬೀಜದ ಸಂಖ್ಯೆಗೆ ಕಾರ್ಡಿನಲ್ಲಿ ತೂತು ಹೊಡೆದು ಪಂಚ್ ಮಾಡಿದ್ದು ನೀವೇ ತಾನೆ?"

ಗೇಸ್ಕೆಯ ಚಮಚ ಲೋಟದೊಳಗೆ ನಿಂತಿತು.

ಅವಳಲ್ಲ. ಬೌಕ್ಯೆ. ಆ ಕೋಣೆಯಲ್ಲಿದ್ದ ಇನ್ನೊಬ್ಬಳೇ ಹೆಂಗಸು. ಕಾರ್ಡಿನ ಕಟ್ಟುಗಳನ್ನು ಮಗುವಿನ ಹಾಗೆ ಎದೆಗವಚಿಕೊಂಡು ಮೆಟ್ಟಿಲಿಳಿಯುತ್ತಿದ್ದವಳು. ಒಮ್ಮೆ ಕಟ್ಟು ಕೈಜಾರಿ ಒಂಬೈನೂರು ಕಾರ್ಡು ಚೆಲ್ಲಾಪಿಲ್ಲಿಯಾದಾಗ, ಇಬ್ಬರೂ ಮೆಟ್ಟಿಲ ಮೇಲೆ ಕೂತು ಜೋಡಿಸುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಗೇಸ್ಕೆಗಿಂತ ಒಂದೇ ವರ್ಷ ದೊಡ್ಡವಳು, ಆದರೆ ಅಕ್ಕನ ದರ್ಪ. ಬಸುರಿಯಾದಳು, ಆ ಕಾಲದಲ್ಲಿ ಬಸುರಿಯರೆಲ್ಲ ಬಿಡುತ್ತಿದ್ದಂತೆ ಅವಳೂ ಕೆಲಸ ಬಿಟ್ಟಳು. ಗೇಸ್ಕೆಯ ಆ ಹುಟ್ಟುಹಬ್ಬವೇ ಅವಳ ಕೆಲಸದ ಕೊನೆಯ ದಿನ.

ಮರುವರ್ಷ ನೀರಿನ ಪೆಟ್ಟಿಗೆಯ ಬಗೆಗಿನ ಪ್ರಬಂಧ ಸಿದ್ಧವಾಯಿತು. ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಇಬ್ಬರ ಹೆಸರೂ ಇತ್ತು. "ಬೌಕ್ಯೆ ಹೋಗಿ ಆಯ್ತಲ್ಲ, ಒಂದು ಹೆಸರು ಸಾಕು" ಎಂದು ಪ್ರೊಫೆಸರ್ ಪೆನ್ಸಿಲಿನಲ್ಲಿ ಗೀಟು ಹಾಕಿದರು. ಅದರ ಶುದ್ಧ ಪ್ರತಿ ಟೈಪ್ ಮಾಡಿದ್ದು ಗೇಸ್ಕೆಯ ಬೆರಳುಗಳೇ. ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ತನ್ನ ಹೆಸರೊಂದೇ ಒಂಟಿಯಾಗಿ ನಿಂತದ್ದು ನೋಡಿ ಆಗ ಒಳಗೊಳಗೇ ಹಿತವೂ ಆಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಡೊಕ್ಕುಮ್ ಊರಿನಿಂದ ಬೌಕ್ಯೆಯ ಒಂದು ಅಂಚೆ ಕಾರ್ಡು ಬಂತು. "ಓದಿದೆ." ಅಷ್ಟೇ. ಆಮೇಲೆ ಏನೂ ಇಲ್ಲ.

"ನಾನಲ್ಲ, ಬೌಕ್ಯೆ ಅಂತ ಒಬ್ಬಳು," ಎಂದಳು ಗೇಸ್ಕೆ.

"ಅವರು ಇನ್ನೂ ಇದ್ದಾರಾ?" ಮಿರ್ತೆ ಕೇಳಿದಳು.

ಗೇಸ್ಕೆ ಎದ್ದು ಟಾಯ್ಲೆಟ್ಟಿಗೆ ಹೋದಳು. ಆ ಕಡೆಯ ಎಲ್ಲ ಮನೆಗಳಲ್ಲಿರುವಂತೆ, ಬಾಗಿಲ ಹಿಂದೆ ಪರಿಚಿತರ ಹುಟ್ಟುಹಬ್ಬ ಬರೆದಿಟ್ಟ ಕ್ಯಾಲೆಂಡರ್ ತೂಗುತ್ತಿತ್ತು. ಹಳೆಯದು ಹರಿದಾಗಲೆಲ್ಲ ಹೊಸದಕ್ಕೆ ಎಲ್ಲರ ಹೆಸರನ್ನೂ ಇಳಿಸಿಕೊಳ್ಳುತ್ತಿದ್ದಳು. ಸತ್ತವರನ್ನು ಬಿಟ್ಟಿದ್ದಳು, ಬೌಕ್ಯೆಯನ್ನು ಬಿಟ್ಟಿರಲಿಲ್ಲ. ಜೂನ್ ಐದು. ಹೆಸರಿನ ಪಕ್ಕ, ಯಾರನ್ನೋ ಕೇಳಿ ಬರೆದುಕೊಂಡಿದ್ದ ಫೋನ್ ನಂಬರು. ಒಮ್ಮೆಯೂ ಮಾಡಿರಲಿಲ್ಲ.

ಅಡುಗೆಮನೆಗೆ ಮರಳಿ ಆ ನಂಬರು ಒತ್ತಿದಳು. ಮೂರನೆಯ ರಿಂಗಿಗೆ ಎತ್ತಿದರು.

"ಬೌಕ್ಯೆ? ನಾನು... ಗೇಸ್ಕೆ."

ಆ ಕಡೆ ನಲ್ಲಿ ನಿಂತ ಸದ್ದು. "ಯಾರು ಸತ್ರು?"

"ಯಾರೂ ಇಲ್ಲ. ಒಂದು ಸಂಖ್ಯೆ ಕೇಳ್ಬೇಕಿತ್ತು."

"ಐವತ್ತು ವರ್ಷಕ್ಕೆ ಒಂದು ಸಂಖ್ಯೆ! ಹೇಳೇ ಮಾರಾಯ್ತಿ, ಆಲೂಗಡ್ಡೆ ಒಲೆ ಮೇಲಿದೆ."

ಗೇಸ್ಕೆ ಬೀಜದ ವಿಷಯ ಹೇಳಿದಳು. ಮಿರ್ತೆ ಕೀಲಿಗಳ ಮೇಲೆ ಬೆರಳಿಟ್ಟು ಕೂತಿದ್ದಳು.

"ನಲವತ್ತೇಳಲ್ಲ ಕಣೆ, ನಲವತ್ತೈದು," ಎಂದಳು ಬೌಕ್ಯೆ, ನಿನ್ನೆ ಮಾಡಿದ ಕೆಲಸದ ಹಾಗೆ.

"ನಲವತ್ತೈದಾ? ಕೂಡಿಸೋದಲ್ವಾ ನಮ್ಮ ಕ್ರಮ?"

"ಕ್ರಮ ಅಂತೆ. ನಾನು ಒಂದು ಕಳೆದೆ. ನಾನು ಹೋದ ಮೇಲೆ ಆ ಗಂಡಸರ ಮಧ್ಯೆ ದೊಡ್ಡವಳಾಗಿ ಇರಬೇಕಾದವಳು ನೀನೊಬ್ಬಳೇ ಅಲ್ವಾ? ಒಂದು ವರ್ಷ ಹೆಚ್ಚಿಗೇ ಇರಲಿ ಅಂತ ನನ್ನ ವರ್ಷ ನಿಂಗೆ ಹಾಕ್ದೆ. ಹೇಳೋಣ ಅಂತಿದ್ದೆ. ಆಮೇಲೆ ಆ ಪ್ರಬಂಧ ಬಂತು."

ಮಿರ್ತೆಯ ಬೆರಳು ಆಗಲೇ ಸಂಖ್ಯೆಯನ್ನು ಒತ್ತಿತ್ತು. ಗೇಸ್ಕೆ ಕಿಟಕಿಯ ಕಡೆ ತಿರುಗಿದಳು.

"ಬೌಕ್ಯೆ, ಆ ಸಾಲು ಟೈಪ್ ಮಾಡಿದ್ದು ನಾನೇ. ನಿನ್ನ ಹೆಸರು ತೆಗೆದು."

"ಗೊತ್ತು. ನಿನ್ನ ಟೈಪು ನಂಗೆ ಗೊತ್ತಿಲ್ವಾ? ಹೆಸರು ಹೋಯ್ತು ಅಂತ ನಾನು ಅಳಲಿಲ್ಲ ಗೇಸ್ಕೆ. ನೀನು ಒಂದು ಫೋನೂ ಮಾಡಲಿಲ್ಲ ಅಂತ."

ಗೇಸ್ಕೆ ಕುರ್ಚಿ ಎಳೆದುಕೊಂಡು ಕೂತಳು. "ತಪ್ಪಾಯ್ತು," ಎಂದಳು. ಇಷ್ಟು ವರ್ಷ ಮನಸ್ಸಿನಲ್ಲೇ ಕಟ್ಟಿಟ್ಟಿದ್ದ ಉದ್ದುದ್ದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಆ ಕಡೆ ಪಾತ್ರೆಯ ಮುಚ್ಚಳದ ಸದ್ದು. ಆಮೇಲೆ, "ಒಲೆ ಆರಿಸಿ ಬರ್ತೀನಿ, ಫೋನ್ ಇಡಬೇಡ. ಉತ್ತರ ಬರೋಕೆ ಎಷ್ಟು ಹೊತ್ತು?"

"ಮುಕ್ಕಾಲು ಗಂಟೆ."

"ನಮ್ಮ ಕಾಲದಲ್ಲಿ ಎರಡು ದಿನ. ಕಾಯ್ತೀನಿ."

ಕಾದರು. ಬೌಕ್ಯೆಯ ಮಗಳಿಗೆ ಈಗ ಐವತ್ತು. ಗಂಡ ಹೋಗಿ ಆರು ವರ್ಷ. ಗೇಸ್ಕೆ ಮದುವೆಯಾಗಲಿಲ್ಲ, "ಯಂತ್ರವೇ ಸಾಕಾಯ್ತು." ಮೆಟ್ಟಿಲ ಮೇಲೆ ಚೆಲ್ಲಿದ ಕಾರ್ಡುಗಳ ಮಾತು ಬಂದಾಗ, ಕೈಜಾರಿಸಿದ್ದು ಯಾರು ಎಂದು ಇಬ್ಬರೂ ಜಗಳಾಡಿದರು.

ಪರದೆಯ ಮೇಲೆ ಸಾಲುಗಳು ಮೂಡಿದವು. ಮಿರ್ತೆ ಹಳೆಯ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತ ಬಂದು, ಕೊನೆಯಲ್ಲಿ ಗೇಸ್ಕೆಯ ತೋಳು ಹಿಡಿದುಕೊಂಡಳು.

"ಬಂತು," ಎಂದಳು ಗೇಸ್ಕೆ ಫೋನಿಗೆ.

"ಬರದೆ ಏನು? ಪಂಚ್ ಮಾಡಿದ್ದು ನಾನು."

"ಪ್ರೋಗ್ರಾಂ ಬರೆದವರು ಯಾರು ಅಂತ ಒಂದು ಸಾಲು ಸೇರಿಸ್ಬೇಕು," ಮಿರ್ತೆ ಮೆಲ್ಲಗೆ ಕೇಳಿದಳು. "ಏನಂತ ಹಾಕ್ಲಿ?"

ಗೇಸ್ಕೆ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಬೌಕ್ಯೆಯ ಹೆಸರನ್ನು ಮೊದಲು, ತನ್ನದನ್ನು ಅದರ ಕೆಳಗೆ ಟೈಪ್ ಮಾಡಿದಳು.

"ಟೈಪ್ ಮಾಡೋ ಸದ್ದು ಕೇಳಿಸ್ತಿದೆ," ಎಂದಳು ಬೌಕ್ಯೆ. "ಈಗಲೂ ಕೀಲಿಗಳನ್ನ ಗುದ್ತೀಯಾ? ಜೂನ್ ಐದಕ್ಕೆ ಬಾ. ಕೇಕ್ ನಾನು ಮಾಡ್ತೀನಿ, ಕಡುಬು ನೀನು ತಾ."