ಕಿವಿಗೆ ಹಿಡಿಯದ ಫೋನ್

ಭಾನುವಾರದ ಪೇಪರಿಗೆ ನಮ್ಮ ಮನೆಯಲ್ಲಿ ವಿಚಾರಣೆ ನಡೆಯುತ್ತದೆ. ನ್ಯಾಯಾಧೀಶರು ನನ್ನ ಯಜಮಾನರು, ಇಂದುಶೇಖರ. ಸರ್ಕಾರಿ ಕಚೇರಿಯಲ್ಲಿ ಆಡಿಟ್ ಕೆಲಸ ಮಾಡಿ ಮಾಡಿ ಯಾವುದನ್ನೂ ನಂಬದ ಅಭ್ಯಾಸ ಅವರಿಗೆ. ಕಾಫಿ ಲೋಟ ಪಕ್ಕಕ್ಕಿಟ್ಟು ಟೆಕ್ನಾಲಜಿ ಪುಟ ಬಿಚ್ಚಿದರೆಂದರೆ ಯಾವ ಕಂಪನಿಗೂ ಉಳಿಗಾಲವಿಲ್ಲ.

"ಬಟ್ಟೆ ಎಷ್ಟು ಕೊಳೆಯಾಗಿದೆ ಅಂತ ವಾಷಿಂಗ್ ಮೆಷಿನ್ನಿಗೇ ಗೊತ್ತಾಗುತ್ತಂತೆ, ಸುಮಿತ್ರಾ," ಎನ್ನುತ್ತಾರೆ. "ಹಾಲು ಮುಗಿದರೆ ಫ್ರಿಜ್ಜೇ ಅಂಗಡಿಗೆ ಹೇಳಿ ಕಳಿಸುತ್ತಂತೆ. ನಮ್ಮ ಹಾಲಿನ ಭಯ್ಯಾ ನಾವು ಹೇಳಿದ್ದನ್ನೇ ಕೇಳಲ್ಲ, ಫ್ರಿಜ್ ಮಾತು ಕೇಳ್ತಾನಾ?"

ದೆಹಲಿಯ ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನೆದುರು ಮೆಟ್ರೋ ಕಂಬಗಳು ಏಳುತ್ತಿದ್ದಾಗಲೂ, ಅವು ಪಾರಿವಾಳ ಕೂರುವುದಕ್ಕೆ ಎಂದು ತೀರ್ಪು ಕೊಟ್ಟಾಗಿತ್ತು.

ನಾನು ನಗುತ್ತೇನೆ. ಆದರೆ ಆ ಸಿಡುಕು ಎಲ್ಲಿಂದ ಬಂತೆಂದು ನನಗೆ ಗೊತ್ತು. ನಮ್ಮ ಒಬ್ಬಳೇ ಮಗಳು ಹಂಸಿನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವಳು ಚಿಕ್ಕವಳಿದ್ದಾಗ ಇದೇ ಪುಟದಲ್ಲಿ ಹೊಸ ಶ್ರವಣಯಂತ್ರವೊಂದರ ಸುದ್ದಿ ಬಂದಿತ್ತು, ಲೋಕದಲ್ಲಿ ಇನ್ನು ಕಿವುಡೇ ಇರುವುದಿಲ್ಲ ಎಂಬಂತೆ. ಇವರು ನಂಬಿದರು. ತರಿಸಿ, ಕೈಯಾರೆ ಅವಳ ಕಿವಿಗಿಟ್ಟರು. ಮಗು ಹೆದರಿ, ಚೀರಿ, ಅದನ್ನು ಕಿತ್ತೆಸೆಯಿತು. ಅಂದಿನಿಂದ ಪೇಪರಿನಲ್ಲಿ ಏನೇ ಬರಲಿ, ಇವರ ತಲೆ ಎಡಕ್ಕೂ ಬಲಕ್ಕೂ ಆಡುತ್ತದೆ.

ಅವಳ ಶಾಲೆಯ ಆಗಿನ ಟೀಚರು ನಮಗೆ ಎರಡು ಕಟ್ಟಳೆ ಹಾಕಿದ್ದರು. ಮನೆಯಲ್ಲಿ ಒಂದೇ ಭಾಷೆ ಇರಬೇಕು, ಅದೂ ಹಿಂದಿ. ಮತ್ತೆ ಕೈಸನ್ನೆ ಕೂಡದು, ಮಗು ತುಟಿ ನೋಡಿಯೇ ಮಾತು ಕಲಿಯಬೇಕು. ತುಟಿ ಕಾಣಲೆಂದು ಇವರು ತಮ್ಮ ಪ್ರೀತಿಯ ಮೀಸೆ ಬೋಳಿಸಿದರು. ನನ್ನ ಜೊತೆ ಕನ್ನಡ, ಮಗಳ ಜೊತೆ ತಮ್ಮ ಹರಕುಮುರುಕು ಹಿಂದಿ; ಇವತ್ತಿಗೂ ಹಾಗೇ. ನಾನು ಮಾತ್ರ ಅಡುಗೆಮನೆಯಲ್ಲಿ ಕಳ್ಳತನ ಮಾಡಿದೆ. ಸಾರು, ಒಗ್ಗರಣೆ, ಸಿಟ್ಟು, ನಿದ್ದೆ, ಎಲ್ಲಕ್ಕೂ ನಮ್ಮಿಬ್ಬರದೇ ಸನ್ನೆಗಳಿದ್ದವು. ಮೂಗುತಿ ಮುಟ್ಟಿದರೆ ಅಮ್ಮ. ಎರಡು ಕೈಯಲ್ಲಿ ಪೇಪರ್ ಬಿಚ್ಚಿದಂತೆ ಮಾಡಿ ತಲೆ ಅಲ್ಲಾಡಿಸಿದರೆ ಅಪ್ಪ. ಅದು ತಮ್ಮ ಹೆಸರೆಂದು ಇವರಿಗೂ ಗೊತ್ತು. ನೋಡಿಯೂ ನೋಡದಂತೆ ಇದ್ದುಬಿಡುತ್ತಿದ್ದರು.

ಎರಡು ಸಾವಿರದ ಒಂಬತ್ತರಲ್ಲಿ ಹಂಸಿನಿಗೆ ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕೆಲಸ ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿ ಬರುವ ದೂರವಲ್ಲ, ಅಲ್ಲೇ ಹಾಸ್ಟೆಲಿನಲ್ಲಿರಬೇಕು. ವಾರದೊಳಗೆ ಉತ್ತರ ಹೇಳಬೇಕಿತ್ತು. ಇವರು ಬೇಡವೆಂದರು. ನಿಜ ಹೇಳಬೇಕೆಂದರೆ ನನಗೂ ಬೇಡವಾಗಿತ್ತು. ಮೆಸೇಜ್ ಕಳಿಸುತ್ತಾಳೆ, ಸರಿ. ಊಟ ಆಯಿತು, ಚೆನ್ನಾಗಿದ್ದೇನೆ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರುತ್ತದೆ. ಊಟ ಆದದ್ದು ತಿಳಿಯುತ್ತದೆ, ಮುಖ ಬಾಡಿದ್ದು ತಿಳಿಯುವುದಿಲ್ಲ. ನನ್ನ ಮಗಳು ನನಗೆ ಸಿಗುವುದು ಅವಳ ಕೈಗಳಲ್ಲಿ. ಅದಿಲ್ಲದೆ ದಿನಗಳನ್ನು ಹೇಗೆ ಕಳೆಯಲಿ ಎಂದು ನನಗೆ ಸಂಕಟ.

ಆ ಭಾನುವಾರ ವಿಚಾರಣೆಗೆ ಬಂದದ್ದು ಮುಖ ಕಾಣಿಸುವ ಫೋನ್. ದೆಹಲಿಯಲ್ಲಿ ಹೊಸ ಸೇವೆ ಶುರುವಾಗಿದೆ, ಮಾತಾಡುವವರು ಒಬ್ಬರನ್ನೊಬ್ಬರು ನೋಡಬಹುದು ಎಂದು ಸುದ್ದಿ.

"ಯಾರಿಗೆ ಬೇಕು ಇದು?" ಎಂದರು ಇವರು. "ಫೋನಿನಲ್ಲಿರೋ ಸುಖವೇ ಮುಖ ಕಾಣಿಸದೇ ಇರೋದು. ಬನಿಯನ್ನಲ್ಲಿ ಕೂತ್ಕೊಂಡು ಆಫೀಸಲ್ಲಿದೀನಿ ಅನ್ನಬಹುದು. ಅದನ್ನೂ ಕಿತ್ಕೊಳ್ತಾರಂತೆ."

ಹಂಸಿನಿ ಆ ಪುಟವನ್ನು ಅವರ ಕೈಯಿಂದ ಎಳೆದುಕೊಂಡು ಓದಿದಳು. ಮತ್ತೆ ಓದಿದಳು. ಎರಡು ದಿನ ಬಿಟ್ಟು ತಾನು ಕೂಡಿಟ್ಟ ದುಡ್ಡಿನಲ್ಲಿ ಅಂಥ ಎರಡು ಫೋನ್ ತಂದು, ಒಂದನ್ನು ನನ್ನ ಕೈಗಿಟ್ಟು ಕೆಳಗಿನ ಪಾರ್ಕಿಗೆ ಓಡಿದಳು.

ಫೋನ್ ನಡುಗಿತು. ಅಂಗೈಯಷ್ಟೂ ಇಲ್ಲದ ಪರದೆಯಲ್ಲಿ ಮಗಳು. ಫೋನನ್ನು ಬೆಂಚಿನ ಮೇಲೆ ನೀರಿನ ಬಾಟಲಿಗೆ ಒರಗಿಸಿ ಕೈ ಆಡಿಸಿದಳು. ಬೆರಳುಗಳೆಲ್ಲ ಕಲಸಿಹೋದವು, ಚಿತ್ರ ತಡೆತಡೆದು ಬಂತು.

"ಹೇಳಿರಲಿಲ್ವಾ?" ಇವರು ನನ್ನ ಹೆಗಲ ಮೇಲಿಂದ ಇಣುಕಿದರು. "ಪೇಪರಿನ ಫೋಟೋದಲ್ಲಿ ಮಾತ್ರ ಎಷ್ಟು ಚೆನ್ನಾಗಿ ನಗ್ತಾ ಇದ್ರು."

"ಸ್ವಲ್ಪ ಸುಮ್ಮನಿರ್ತೀರಾ ರೀ," ಎಂದೆ.

ಫೋನನ್ನು ಕಿಟಕಿಯ ಬೆಳಕಿಗೆ ತಂದು ಸಾಸಿವೆ ಡಬ್ಬಿಗೆ ಒರಗಿಸಿದೆ. ಹೂವಿನ ಸೀರೆಯ ಮೇಲೆ ಕೈ ಎದ್ದು ಕಾಣುವುದಿಲ್ಲವೆಂದು ಕಪ್ಪು ಶಾಲು ಹೊದ್ದೆ. ಚಿಕ್ಕ ಮಗುವಿಗೆ ತುತ್ತು ಕೊಡುವ ಹಾಗೆ, ನಿಧಾನವಾಗಿ ಒಂದೊಂದೇ ಸನ್ನೆ ಮಾಡಿದೆ. ಅಲ್ಲಿ ಏನು ಕಾಣುತ್ತಿದೆ ಎಂದು ಕೇಳಿದೆ. ಅವಳಿಗೂ ಹೊಳೆಯಿತು. ಅವಳೂ ನಿಧಾನಿಸಿದಳು.

"ಏನಂತೆ?" ಎಂದರು ಇವರು.

"ಕೆಳಗೆ ತರಕಾರಿ ಭಯ್ಯಾ ಬಂದಿದಾನಂತೆ. ಪಾಲಕ್ ಬೇಕಾ ಅಂತಾಳೆ."

"ಅಚ್ಛಾ," ಎಂದರು. ಮತ್ತೆ ಪರದೆಯತ್ತ ಬಗ್ಗಿದರು.

ಆಗ ನಾನು ಕಂಡೆ. ಹಂಸಿನಿಯ ಹೆಬ್ಬೆರಳು ಪಕ್ಕದ ಬೆರಳನ್ನು ಉಜ್ಜುತ್ತಿತ್ತು. ಚಿಕ್ಕಂದಿನಿಂದ ಭಯವಾದಾಗ ಅವಳು ಹಾಗೆ. ಹೆದರಿಕೆಯಾ, ಎಂದು ಕೇಳಿದೆ. ಹೌದು ಎಂದಳು. ತುಂಬಾ ಹೆದರಿಕೆ. ಆದರೂ ಹೋಗಬೇಕು.

ನನ್ನ ಕಣ್ಣು ತುಂಬಿತು. ಫರೀದಾಬಾದಿನಲ್ಲಿ ಅವಳಿಗೆ ಹೆದರಿಕೆಯಾದರೆ ಇನ್ನು ನನಗೆ ಕಾಣುತ್ತದೆ. ಕಾಣುವುದಾದರೆ ನಾನು ಕಳಿಸಬಲ್ಲೆ.

"ಹೋಗಲಿ ರೀ," ಎಂದೆ.

ಇವರು ಗೊಣಗಿದರು. ಕಂಪನಿ ಮುಳುಗಿದರೆ? ಬ್ಯಾಟರಿ ಸತ್ತರೆ? ಬಿಲ್ ನೋಡಿ ನಾವೇ ಸತ್ತರೆ? ಪಾಲಕ್ ಹಿಡಿದು ಮೇಲೆ ಬಂದ ಮಗಳ ಮುಖ ನೋಡಿ, ಕೊನೆಗೆ "ಚಲೋ, ನೋಡೋಣ" ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಆಶೀರ್ವಾದವನ್ನು ನಾನು ಕೇಳಿಲ್ಲ.

ಅವಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ಮರುದಿನ ಸಂಜೆ ಫೋನ್ ನಡುಗಿತು. ನನಗಿಂತ ಮೊದಲು ಎದ್ದವರು ಇವರು. ಹಳೆಯ ಅಭ್ಯಾಸದಂತೆ ಕಿವಿಗೆ ಒತ್ತಿಕೊಂಡು, ದೊಡ್ಡ ದನಿಯಲ್ಲಿ "ಬೇಟಾ, ಖಾನಾ ಖಾಯಾ?" ಎಂದರು.

"ರೀ, ಅವಳಿಗೆ ನಿಮ್ಮ ಕಿವಿ ಕಾಣಿಸ್ತಿದೆ."

ನಾಚಿಕೊಂಡು ಮುಂದೆ ಹಿಡಿದರು. ಪರದೆಯಲ್ಲಿ ಹಂಸಿನಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವರು ತುಟಿ ಅಗಲಿಸಿ, ಊಟ ಆಯಿತಾ ಎಂದು ಅದನ್ನೇ ಕೇಳಿದರು. ಅವಳು ತಿಳಿಯಲಿಲ್ಲವೆಂದು ಕೈ ತಿರುಗಿಸಿದಳು. ಮತ್ತೆ ಕೇಳಿದರು. ಆ ಪುಟ್ಟ ಪರದೆಯಲ್ಲಿ ತುಟಿ ಗೊತ್ತಾಗುತ್ತಿರಲಿಲ್ಲ. ಇಷ್ಟು ವರ್ಷ ಮೀಸೆ ಬೋಳಿಸಿಕೊಂಡು ಬಂದ ಮುಖ ಪೆಚ್ಚಾಯಿತು. ನನಗೆ ಪಾಪ ಅನಿಸಿ, ಫೋನ್ ಇಸಿದುಕೊಳ್ಳಲು ಕೈ ಚಾಚಿದೆ.

ಇವರು ಕೊಡಲಿಲ್ಲ. ರದ್ದಿಗೆಂದು ಕಟ್ಟಿಟ್ಟಿದ್ದ ಪೇಪರುಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಫೋನನ್ನು ಅದಕ್ಕೆ ಒರಗಿಸಿದರು. ಕುರ್ಚಿ ಎಳೆದು ನೆಟ್ಟಗೆ ಕೂತರು. ಎರಡೂ ಕೈಯೆತ್ತಿ ಇಲ್ಲದ ಪೇಪರೊಂದನ್ನು ಬಿಚ್ಚಿ, ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದರು. ನಮ್ಮ ಅಡುಗೆಮನೆಯ ಭಾಷೆಯಲ್ಲಿ, ನಾನು ಅಪ್ಪ ಎಂದರು.

ಹಂಸಿನಿಯ ನಗು ನಿಂತಿತು. ಉತ್ತರ ಹೇಳಲು ಅವಳ ಕೈ ಮೇಲೆದ್ದಿತು. ಅಷ್ಟರಲ್ಲಿ ಚಿತ್ರವೇ ನಿಂತುಬಿಟ್ಟಿತು.

"ನೋಡಿದ್ಯಾ, ಕೆಟ್ಟೇಹೋಯ್ತು. ನಾನು ಮೊದಲೇ ಹೇಳಿದ್ದೆ," ಎಂದರು ಇವರು. ಹಾಗೆನ್ನುತ್ತಲೇ ಎರಡೂ ಕೈಯನ್ನು ಗಾಳಿಯಲ್ಲಿ ಬಿಚ್ಚಿಕೊಂಡು, ಅವಳು ಮತ್ತೆ ಬರುವವರೆಗೂ ಕೂತೇ ಇದ್ದರು.