ಮನೆ ಬಾಗಿಲಲ್ಲಿ ಸೊನ್ನೆ

ಊರಿನ ಒಂದು ತುದಿಗೆ ಬಿಸ್ಕತ್ ಕಾರ್ಖಾನೆ, ಇನ್ನೊಂದು ತುದಿಗೆ ಕೋಳಿ ಫಾರಂ. ಬೆಳಿಗ್ಗೆ ಬೆಣ್ಣೆ ಸಕ್ಕರೆ ಬೇಯುವ ಘಮ, ಸಂಜೆ ಹಿಕ್ಕೆ ಬಾಚಿ ಹಾಕುವಾಗಿನ ಗಬ್ಬುನಾತ. ಹೀಗೆಂದು ಹೊರಗಿನಿಂದ ಬಂದವರು ಹೇಳುತ್ತಿದ್ದರು. ಊರಿನವರಿಗೆ ಅದು ಬರೀ ಕೇಳಿ ಗೊತ್ತಿದ್ದ ವಿಷಯ.

ಫಾರಂ ಕಡೆಯ ಕೊನೆಯ ಬೀದಿಯಲ್ಲಿದ್ದ ಲಾಂಡ್ರಿಯಮ್ಮನಿಗೆ ಮಾತ್ರ ಅದು ಹೊಟ್ಟೆಪಾಡಿನ ವಿಷಯವಾಗಿತ್ತು. ಒಗೆಯುವುದು ಅವಳು, ಇಸ್ತ್ರಿ ಗಂಡನದು, ಒಣಗಿಸುವುದು ತಾರಸಿಯ ಮೇಲೆ. ಲಾಡ್ಜಿನ ಮ್ಯಾನೇಜರ್ ಎರಡು ಸಲ ಹಾಸಿಗೆಯ ಬಟ್ಟೆಗಳ ಗಂಟನ್ನು ಹಾಗೇ ವಾಪಸ್ ಕಳಿಸಿದ್ದ. ಕೋಳಿಗೂಡಿನಲ್ಲಿ ಮಲಗಿದ ಹಾಗಾಯಿತೆಂದು ಗಿರಾಕಿಗಳು ಮುಖ ಸಿಂಡರಿಸುತ್ತಾರಂತೆ. ಮೂರನೇ ಸಲ ಹೀಗಾದರೆ ಬೇರೆ ಲಾಂಡ್ರಿ ನೋಡಿಕೊಳ್ಳುವುದಾಗಿಯೂ ಹೇಳಿ ಕಳಿಸಿದ್ದ. ಲಾಡ್ಜು ಕೈಬಿಟ್ಟರೆ ಅಂಗಡಿಗೆ ಬೀಗವೇ ಗತಿ.

ಅಷ್ಟರಲ್ಲಿ ಫಾರಂನವರು ಇನ್ನೊಂದು ಶೆಡ್ ಕಟ್ಟಲು ಅನುಮತಿ ಕೇಳಿದರು. ನಾತ ಎಷ್ಟಿದೆ ಎಂದು ತಿಳಿಯಲು ಪುರಸಭೆ ಊರಿನ ನಾಲ್ವರಿಗೆ ಒಂದೊಂದು ಪುಸ್ತಕ ಕೊಟ್ಟು, ಒಂದು ತಿಂಗಳು ದಿನಾ ಸಂಜೆ ಮೂಸಿ ಬರೆಯಲು ಹೇಳಿತು. ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಐದು. ಆ ನಾಲ್ವರಲ್ಲಿ ಒಬ್ಬಳಾಗಲು ಲಾಂಡ್ರಿಯಮ್ಮ ಗುಮಾಸ್ತನ ಪ್ರಾಣ ತಿಂದಿದ್ದಳು. ಫಾರಂನವರ ಬಣ್ಣ ಬಯಲು ಮಾಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ.

ಮೊದಲ ಸಂಜೆ ಒಣಗಿದ ಬಟ್ಟೆಗಳ ನಡುವೆ ನಿಂತು ಎದೆ ತುಂಬ ಉಸಿರೆಳೆದಳು. ಏನೂ ಇಲ್ಲ. ಬಟ್ಟೆಗೇ ಮೂಗು ಒತ್ತಿ ನೋಡಿದಳು. ಸೋಪಿನ ವಾಸನೆ, ಅಷ್ಟೆ. ಪುಸ್ತಕದ ಮೇಲೆ ‘ನಿಮ್ಮ ಮೂಗಿಗೆ ಬಂದದ್ದನ್ನು ಮಾತ್ರ ಬರೆಯಿರಿ’ ಎಂದು ಅಚ್ಚಾಗಿತ್ತು. ಸೊನ್ನೆ ಬರೆದಳು. ಮರುದಿನವೂ ಸೊನ್ನೆ. ಎರಡು ವಾರ ಕಳೆಯುವಷ್ಟರಲ್ಲಿ ಗುಮಾಸ್ತ ಅವಳಿಗೆ ಸೊನ್ನೆಯಮ್ಮ ಎಂದು ಹೆಸರಿಟ್ಟಿದ್ದ.

"ಕಣ್ಮುಚ್ಚಿ ನಾಲ್ಕು ಅಂತ ಬರಿ. ಯಾರು ಬಂದು ಮೂಸಿ ನೋಡ್ತಾರೆ?" ಎಂದ ಗಂಡ.

"ಹೋಗದ ಕಲೇನ ಹೋಗಿದೆ ಅಂತ ಯಾವತ್ತಾದ್ರೂ ಯಾರಿಗಾದ್ರೂ ಹೇಳಿದ್ದೀನಾ?"

ಹೇಳಿರಲಿಲ್ಲ. ಗಂಡ ಇಸ್ತ್ರಿ ಪೆಟ್ಟಿಗೆಯತ್ತ ತಿರುಗಿದ. ಹಟಕ್ಕೆ ಬಿದ್ದವಳೊಂದಿಗೆ ವಾದಿಸಿ ಪ್ರಯೋಜನವಿಲ್ಲ ಎಂಬುದು ಅವನಿಗೆ ಮದುವೆಯಾದ ವಾರದಲ್ಲೇ ತಿಳಿದಿತ್ತು.

ನಾಲ್ಕನೇ ವಾರ ಅವಳ ಅಕ್ಕನ ಕಾಲು ಉಳುಕಿತು. ಬಸ್ಸಿನಲ್ಲಿ ಮೂರು ಗಂಟೆ ದೂರದ ಅಕ್ಕನ ಮನೆಗೆ ಹೋಗಿ ಲಾಂಡ್ರಿಯಮ್ಮ ನಾಲ್ಕು ದಿನ ಉಳಿದಳು. ಅಕ್ಕ ಎಂದಿನಂತೆ ಅವಳ ಚೀಲವನ್ನು ಬಾಲ್ಕನಿಯಲ್ಲಿಟ್ಟು, ಬಿಸಿನೀರು ಕಾದಿದೆ, ಮೊದಲು ಸ್ನಾನ ಮಾಡು ಎಂದಳು. ಕುಂಟುವ ಕಾಲಲ್ಲೂ ತನಗೆ ನೀರು ಕಾಯಿಸುವ ಅಕ್ಕ ಇನ್ಯಾರಿಗಿದ್ದಾಳೆ ಎಂದು ಇವಳಿಗೆ ಹೆಮ್ಮೆ. ಇಪ್ಪತ್ತು ವರ್ಷದಿಂದ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದಿದ್ದಳು.

ಐದನೇ ದಿನ ಸಂಜೆ ಊರಿನ ನಿಲ್ದಾಣದಲ್ಲಿ ಇಳಿದಳು, ಇಳಿದವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಚರಂಡಿ ಒಡೆದಿರಬೇಕೆಂದು ಸುತ್ತ ನೋಡಿದಳು. ಪೇಪರ್ ಮಾರುವವನು ಆರಾಮಾಗಿ ಬನ್ನು ತಿನ್ನುತ್ತಿದ್ದ. ಯಾರ ಮುಖದಲ್ಲೂ ಏನೂ ಇರಲಿಲ್ಲ.

ಅವಳು ಬೆಂಚಿನ ಮೇಲೆ ಕೂತು ಚೀಲದಿಂದ ಪುಸ್ತಕ ತೆಗೆದು, ಬಸ್ ನಿಲ್ದಾಣ: ಐದು ಎಂದು ಬರೆದಳು. ಎದ್ದು ನಡೆದಳು. ಹಾಲಿನ ಡಿಪೋ ಹತ್ತಿರ ನಾಲ್ಕು. ಔಷಧಿ ಅಂಗಡಿ ಎದುರು ಎರಡು. ಫಾರಂ ಹತ್ತಿರವಾಗುತ್ತಿತ್ತು, ನಾತ ಕಡಿಮೆಯಾಗುತ್ತಿತ್ತು. ಮೂಗು ಒಗ್ಗಿಹೋಗುವ ಮೊದಲೇ ಮುಟ್ಟಿದರೆ ನಾತ ಸಿಕ್ಕೀತೆಂದು ಕೊನೆಯ ಬೀದಿಯಲ್ಲಿ ಓಡಿದಳು. ಏದುಸಿರು ಬಿಡುತ್ತ, ಮನೆ ಬಾಗಿಲು: ಸೊನ್ನೆ ಎಂದು ಬರೆದಳು.

ತಿಂಗಳು ಮುಗಿದ ಮೇಲೆ ಪುರಸಭೆಯಲ್ಲಿ ನಡೆದ ಶೆಡ್ಡಿನ ಅರ್ಜಿಯ ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ಬೆಳಿಗ್ಗೆಯಿಂದ ಕರವಸ್ತ್ರ ಮೂಗಿಗೆ ಹಿಡಿದೇ ಇದ್ದರು. ಪಾಪ, ಶೀತವಿರಬೇಕೆಂದು ಗುಮಾಸ್ತ ಎರಡು ಸಲ ಕಷಾಯ ತರಿಸಿ ಕೊಟ್ಟಿದ್ದ. ಫಾರಂನ ವಕೀಲ ಲಾಂಡ್ರಿಯಮ್ಮನ ಸೊನ್ನೆಗಳನ್ನು ಖುಷಿಯಿಂದ ಎಣಿಸಿ ಕೂತ. ಅಧಿಕಾರಿ ಪುಸ್ತಕ ತರಿಸಿಕೊಂಡು ಹಾಳೆ ತಿರುಗಿಸಿ, ಆ ಒಂದು ಸಂಜೆಯ ಪುಟವನ್ನು ಮಾತ್ರ ಗಟ್ಟಿಯಾಗಿ ಓದಿದರು. ಹಿಂದಿನ ಸಾಲಿನಲ್ಲಿ ಒಬ್ಬ ತನ್ನ ತೋಳನ್ನು ಮೂಸಿಕೊಂಡ. ನೋಡನೋಡುತ್ತ ವಕೀಲನೂ ಸೇರಿ ಸಭೆಗೆ ಸಭೆಯೇ ತಂತಮ್ಮ ತೋಳು ಮೂಸಿಕೊಂಡಿತು. ಯಾರಿಗೂ ಏನೂ ಸಿಗಲಿಲ್ಲ.

ಶೆಡ್ಡಿಗೆ ಅನುಮತಿ ಸಿಗಲಿಲ್ಲ. ಹಿಕ್ಕೆಯನ್ನು ಮುಚ್ಚಿದ ಗಾಡಿಯಲ್ಲೇ ಸಾಗಿಸಬೇಕೆಂದೂ ಆದೇಶವಾಯಿತು. ಗಂಡ ಖುಷಿಯಿಂದ ಲಾಡ್ಜಿನ ಕಡೆ ಓಡಿದ. ಲಾಂಡ್ರಿಯಮ್ಮ ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದಳು. ಅವಳಿಗೆ ಗೆದ್ದ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

"ಅಕ್ಕಾ, ನಾನು ಬಂದಾಗೆಲ್ಲ ನಾತ ಬರ್ತಿತ್ತಾ?"



"ನೀರು ಕಾಯಿಸಿಡ್ತಿದ್ದೆನಲ್ಲೇ," ಎಂದಳು ಅಕ್ಕ.