ಬೂದು ಸೀಲ್ ಅಲ್ಲ

ಲಾಕ್‌ಡೌನ್ ಶುರುವಾದ ಮೇಲೆ ಪುಚೊಂಗ್ ಊರಿನ ಫ್ಲ್ಯಾಟಿನಲ್ಲಿ ಸುಗಂಧಿಗೆ ಗಂಡನ ನಗು ಕೇಳಿಸುತ್ತಿದ್ದದ್ದು ಸಂಜೆ ಮಾತ್ರ, ಅದೂ ಲ್ಯಾಪ್‌ಟಾಪಿನ ಮುಂದೆ. ಸ್ಕಾಟ್ಲೆಂಡಿನ ಕಡಲತೀರದ ಕ್ಯಾಮೆರಾ ನೋಡಿಕೊಂಡು ಸೀಲ್ ಎಂಬ ಕಡಲಪ್ರಾಣಿಗಳನ್ನು ಗುರುತಿಸುವ ಆನ್‌ಲೈನ್ ಗುಂಪಿಗೆ ಕೀರ್ತಿರಾಜ್ ಸೇರಿದ್ದ. ಅಲ್ಲಿ ಹೇಳಿಕೊಡುತ್ತಿದ್ದವಳು ಐಲೀನ್ ಎಂಬ ಹೆಂಗಸು. ಬೀದಿಯ ಮಾಮಕ್ ತಿಂಡಿ ಅಂಗಡಿಯಿಂದ ಕಟ್ಟಿಸಿ ತಂದ ರೊಟ್ಟಿ ಆರಿಹೋಗುತ್ತಿದ್ದರೂ, "ಒಂದ್ನಿಮಿಷ, ಐಲೀನ್ ಏನೋ ತೋರಿಸ್ತಿದ್ದಾಳೆ" ಅನ್ನುವನು. ಸುಗಂಧಿ ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆಯನ್ನು ಟಪ್ಪನೆ ಮುಚ್ಚುತ್ತಿದ್ದಳು.

ಆ ಹೆಂಗಸಿನಲ್ಲಿ ಅಂಥದ್ದೇನಿದೆ ಎಂದು ತಿಳಿಯಲೆಂದೇ ಅವಳು ಗುಂಪಿನ ಹಳೆಯ ರೆಕಾರ್ಡಿಂಗ್‌ಗಳನ್ನು ಕದ್ದು ನೋಡಿದಳು. ನೋಡುತ್ತಾ ನೋಡುತ್ತಾ ಬೂದು ಸೀಲ್‌ಗೆ ಉದ್ದ ಮೂತಿ, 'ಸಾಮಾನ್ಯ ಸೀಲ್' ಎಂಬ ಇನ್ನೊಂದು ಜಾತಿಗೆ ನಾಯಿಮರಿಯ ಮೋರೆ ಎನ್ನುವುದೆಲ್ಲ ತಲೆಗೆ ಹತ್ತಿತು.

ಒಂದು ಸಂಜೆ ಚಹಾ ಕೊಡಲು ಬಂದವಳು ಪರದೆಯ ಮುಂದೆ ನಿಂತುಬಿಟ್ಟಳು. ಬಂಡೆಯ ಮೇಲೆ ಮಲಗಿದ್ದದ್ದನ್ನು ಐಲೀನ್ ಬೂದು ಸೀಲ್ ಎಂದಳು. ಕೀರ್ತಿರಾಜ್ ಹೌದೆಂದು ತಲೆಯಾಡಿಸಿದ.

"ಅಲ್ಲ," ಸುಗಂಧಿ ಇಂಗ್ಲಿಷಿನಲ್ಲೇ ಹೇಳಿದಳು. "ಮೂಗಿನ ಹೊಳ್ಳೆ ನೋಡಿ, ಕೆಳಗೆ ಕೂಡಿಕೊಂಡಿವೆ. ಬೂದು ಸೀಲ್ ಆಗಿದ್ರೆ ದೂರ ದೂರ ಇರ್ತಿದ್ವು."

ಐಲೀನ್ ಚಿತ್ರ ಹಿಗ್ಗಿಸಿ ನೋಡಿ, "ನೀವೇ ಸರಿ! ಎಲ್ಲಿದ್ರಿ ಇಷ್ಟು ದಿನ?" ಎಂದು ಮನಸಾರೆ ನಕ್ಕಳು. ಆ ನಗು ಚೆನ್ನಾಗಿತ್ತು. ಅದಕ್ಕೇ ಸುಗಂಧಿಗೆ ಇನ್ನಷ್ಟು ಉರಿಯಿತು.

ಕೀರ್ತಿರಾಜ್ ಮೈಕ್ ಆಫ್ ಮಾಡಿದ. "ಇದೆಲ್ಲ ಯಾವಾಗ ಕಲಿತೆ?"

"ನೀವು ಅವಳ ಜೊತೆ ನಗ್ತಾ ಇದ್ದಾಗ."

ಅವನ ಮುಖ ಸಣ್ಣಗಾಯಿತು. ಎದ್ದುಹೋಗಿ ಊಟದ ಮೇಜಿನಿಂದ ಇನ್ನೊಂದು ಕುರ್ಚಿ ತಂದು ಪಕ್ಕದಲ್ಲಿ ಹಾಕಿದ. ಸುಗಂಧಿ ಅದನ್ನು ಅವನಿಗೂ ಪರದೆಗೂ ನಡುವೆ ಎಳೆದುಕೊಂಡು ಕೂತಳು.